ನೀತಿಪಾಠದ ಪೀರಿಯಡ್ಡು

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಮಕ್ಕಳನ್ನು ಚರ್ಚಿನ ಶಾಲೆಗೆ ಸೇರಿಸುವಾಗ ಅಜ್ಜಿಯರಿಗೆ ಒಂದೇ ಅಂಜಿಕೆ: 'ಅವರ ಜಾತಿಗೆ ಸೇರಿಸಿಕೊಂಡುಬಿಟ್ಟರೆ?' ನಾನು ಓದಿದ ಶಾಲೆಯಲ್ಲಿ ಅದಕ್ಕೆ ಉತ್ತರ ವೇಳಾಪಟ್ಟಿಯಲ್ಲೇ ಇತ್ತು. ಕಥೋಲಿಕ ಮಕ್ಕಳು ಜ್ಞಾನೋಪದೇಶಕ್ಕೆ ಹೋದರೆ ಉಳಿದ ನಮಗೆ ನೀತಿಪಾಠ.

ಇದು ಬರೀ ಪಾದ್ರಿಗಳ ಸೌಜನ್ಯವಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿತು. 28ನೇ ವಿಧಿಯ ಪ್ರಕಾರ, ಸರ್ಕಾರದ ಮಾನ್ಯತೆಯೋ ಅನುದಾನವೋ ಪಡೆದ ಶಾಲೆ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧರ್ಮಬೋಧೆಗೆ ಕೂರಿಸುವಂತಿಲ್ಲ.

ಚಿಕ್ಕಮಗಳೂರು ಧರ್ಮಪ್ರಾಂತ್ಯ ಮೈಸೂರಿನಿಂದ ಬೇರೆಯಾದದ್ದು 1963ರಲ್ಲಿ. 1965ರಲ್ಲಿ ವ್ಯಾಟಿಕನ್ ಮಹಾಸಭೆಯೂ ನಂಬಿಕೆಯಲ್ಲಿ ಬಲವಂತ ಸಲ್ಲದೆಂದಿತು. ಹಕ್ಕಿನ ಜೊತೆಗೇ ಬಂದ ಈ ಮಿತಿಯಿಂದಲೇ ಇಂಥ ಶಾಲೆಗಳು ಊರವರ ವಿಶ್ವಾಸ ಗಳಿಸಿದವು ಎಂಬುದು ನನ್ನ ಎಣಿಕೆ.