ಎರಡು ಬೋಲ್ಟಿನ ಹಿಂದಿನ ಇನ್ನೂರು ವರ್ಷ

ಪುಣೆಗೆ ಬಂದು ಮೂವತ್ತು ವರ್ಷದ ಹತ್ತಿರ ಆಯಿತು. ಬ್ಯಾಂಕಿನಲ್ಲಿ ಕೂತು ಎಷ್ಟೋ ಗಾಡಿಗಳಿಗೆ ಸಾಲ ಕೊಟ್ಟಿದ್ದೇನೆ. ಆದರೆ ಬಿ.ಕಾಂ. ಓದಿದ ನನಗೆ ಗಾಡಿ ಅಂದರೆ ಆರ್.ಸಿ. ಪುಸ್ತಕ, ಇನ್ಶೂರೆನ್ಸು, ತಿಂಗಳ ಕಂತು, ಅಷ್ಟೇ. ಅದರ ಹೊಟ್ಟೆ ಕೆಳಗೆ ಬಗ್ಗಿ ನೋಡಿದವನೇ ಅಲ್ಲ. ನೋಡುವ ಹಾಗೆ ಮಾಡಿದವರು ಇಂಡಿ ಕಡೆಯ ಒಬ್ಬ ಸಾಲಗಾರರು.

ಅವರದು ಹಳೆಯ ಪಿಕಪ್. ಊರಿಂದ ನಿಂಬೆಹಣ್ಣು ತುಂಬಿಕೊಂಡು ಪುಣೆಯ ಮಾರ್ಕೆಟ್ ಯಾರ್ಡಿಗೆ ಬರುತ್ತಿದ್ದರು. ಒಮ್ಮೆ ಇನ್ಸ್‌ಪೆಕ್ಷನ್ನಿಗೆ ಹೋದಾಗ ಗಾಡಿಯ ಮೂತಿ ಮೇಲೆ ಎದ್ದ ಹಾಗೆ ಕಂಡಿತು. ಕೇಳಿದೆ. "ಮುಂದ ಕುಂತಿತ್ರಿ ಸಾಹೇಬ್ರ, ರಸ್ತೆದಾಗ ತಳ ಬಡೀತಿತ್ತು. ಎರಡು ಬೋಲ್ಟ್ ಬಿಗಿ ಮಾಡಿಸಿದ್ನಿ, ಎತ್ತರ ಬಂತು ನೋಡ್ರಿ. ಖರ್ಚ ಇಲ್ಲ" ಅಂದರು. ನಾನೂ ಖುಷಿಯಾಗಿ 'ವಾಹನ ಸುಸ್ಥಿತಿಯಲ್ಲಿದೆ' ಅಂತ ಬರೆದು ಸಹಿ ಹಾಕಿದೆ.

ಕೆಲವು ತಿಂಗಳಾದ ಮೇಲೆ ಕಂತು ತಪ್ಪಿತು. ಮುಂದಿನ ತಿಂಗಳೂ ತಪ್ಪಿತು. ತೊಂಬತ್ತು ದಿನ ದಾಟಿದರೆ ಖಾತೆ ಎನ್‌ಪಿಎ. ಫೋನ್ ಮಾಡಿದರೆ, "ನಿಮ್ಮ ಕಂತು ಟೈರಿನಾಗ ಹೋತ್ರಿ ಸಾಹೇಬ್ರ" ಅಂದರು. ಹೋಗಿ ನೋಡಿದೆ. ಮುಂದಿನ ಎರಡೂ ಟೈರುಗಳ ಹೊರ ಅಂಚು ಬೋಳಾಗಿ ನೂಲು ಕಾಣುತ್ತಿತ್ತು. ಒಳ ಅಂಚು ಮಾತ್ರ ಹೊಸದರ ಹಾಗೇ ಇತ್ತು! ಅದಕ್ಕಿಂತ ಮುಂಚಿನ ಜೋಡಿಯೂ ಹೀಗೇ ಸವೆದು ಹೋಗಿತ್ತಂತೆ. ಟೈರ್ ಅಂಗಡಿಯ ಮುದುಕ ಮಿಸ್ತ್ರಿ ಒಂದೇ ಮಾತು ಹೇಳಿದ: "ಎತ್ತರ ಬದಲಾಯಿಸಿದ್ದಾರೆ, ಅಲೈನ್‌ಮೆಂಟ್ ಮಾಡಿಸಿಲ್ಲ."

ಎತ್ತರಕ್ಕೂ ಅಲೈನ್‌ಮೆಂಟಿಗೂ ಏನು ಸಂಬಂಧ? ಈ ಪ್ರಶ್ನೆ ತಲೆ ಕೊರೆಯತೊಡಗಿತು. ಹುಡುಕುತ್ತಾ ಹೋದರೆ ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕಾಯಿತು.

ನಮ್ಮೂರ ಜಾತ್ರೆಯ ತೇರನ್ನು ನೆನಪಿಸಿಕೊಳ್ಳಿ. ಅದರ ಅಚ್ಚು ತಿರುಗುವುದಿಲ್ಲ. ಹಾಗಾಗಿ ಗಾಲಿಗೆ ಮರದ ತುಂಡು ಕೊಟ್ಟು, ಸನ್ನೆಗೋಲು ಹಾಕಿ, ಇಂಚಿಂಚಾಗಿ ಹೊರಳಿಸಬೇಕು. ಯುರೋಪಿನ ನಾಲ್ಕು ಗಾಲಿಯ ಸಾರೋಟುಗಳಲ್ಲಿ ಮುಂದಿನ ಅಚ್ಚು ಪೂರ್ತಿ ನಡುವಿನ ಒಂದು ಗೂಟದ ಮೇಲೆ ತಿರುಗುತ್ತಿತ್ತು. ತಿರುವಿನಲ್ಲಿ ಜೋರಾಗಿ ಹೊರಳಿಸಿದರೆ ಕೆಳಗಿನ ಆಸರೆ ಕಿರಿದಾಗಿ ಗಾಡಿ ಮಗುಚುವ ಭಯ. ಮ್ಯೂನಿಕ್ಕಿನ ಸಾರೋಟು ತಯಾರಕ ಗೇಯಾರ್ಗ್ ಲಾಂಕೆನ್ಸ್‌ಪೆರ್ಗರ್ ಇದಕ್ಕೆ ಉಪಾಯ ಕಂಡುಹಿಡಿದ. ಅಚ್ಚು ನಿಂತಲ್ಲೇ ನಿಲ್ಲಲಿ, ಅದರ ಎರಡು ತುದಿಯಲ್ಲಿ ಒಂದೊಂದು ಗಾಲಿ ತನ್ನ ಗೂಟದ ಮೇಲೆ ತಾನೇ ತಿರುಗಲಿ ಅಂತ. 1818ರಲ್ಲಿ ಲಂಡನ್ನಿನಲ್ಲಿ ಇದಕ್ಕೆ ಪೇಟೆಂಟ್ ಪಡೆದವನು ಅವನ ಏಜೆಂಟ್ ರುಡಾಲ್ಫ್ ಆಕರ್‌ಮನ್. ಈತ ಜರ್ಮನಿಯಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ ಪುಸ್ತಕ ಪ್ರಕಾಶಕ. ನೌಕಾಪತಿ ನೆಲ್ಸನ್ನನ ಶವಯಾತ್ರೆಯ ರಥದ ತಯಾರಿಯ ಹೊಣೆ ಹೊತ್ತವನೂ ಇವನೇ. ಇವತ್ತಿಗೂ ಎಂಜಿನಿಯರುಗಳು ಈ ಏರ್ಪಾಡಿಗೆ 'ಆಕರ್‌ಮನ್ ಸ್ಟೀರಿಂಗ್' ಅಂತಲೇ ಕರೆಯುತ್ತಾರೆ. ಕೆಲಸ ಒಬ್ಬನದು, ಕಾಗದದ ಮೇಲಿನ ಹೆಸರು ಇನ್ನೊಬ್ಬನದು. ಬ್ಯಾಂಕಿನವರಿಗೆ ಇದೇನು ಹೊಸತಲ್ಲ ಬಿಡಿ!

ಸಾರೋಟಿನವರು ಇದನ್ನು ಅಷ್ಟಾಗಿ ಮೆಚ್ಚಲಿಲ್ಲ. ಬೆಲೆ ಗೊತ್ತಾಗಿದ್ದು ಮೋಟಾರು ಬಂದ ಮೇಲೆ. ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಕಾರಿಗೆ ಮೂರೇ ಗಾಲಿ ಯಾಕೆ ಗೊತ್ತೇ? ಮುಂದೆ ಎರಡು ಗಾಲಿ ಇಟ್ಟು ತಿರುಗಿಸುವ ದಾರಿ ಅವನಿಗೆ ಆಗ ತೃಪ್ತಿಯಾಗುವಂತೆ ಸಿಕ್ಕಿರಲಿಲ್ಲ. ತನ್ನದೇ ಸ್ಟೀರಿಂಗ್ ಪೇಟೆಂಟಿನೊಂದಿಗೆ ನಾಲ್ಕು ಗಾಲಿಯ 'ವಿಕ್ಟೋರಿಯಾ' ಬಂದದ್ದು 1893ರಲ್ಲಿ.

ಇಲ್ಲಿಯವರೆಗೂ ಎರಡು ಗಾಲಿಗಳ ನಡುವೆ ಒಂದೇ ಗಟ್ಟಿ ಅಚ್ಚು ಇತ್ತು. ಅಚ್ಚಿನ ಮೇಲೆ ಲೀಫ್ ಸ್ಪ್ರಿಂಗ್, ಅದರ ಮೇಲೆ ಗಾಡಿ. ಗಾಡಿಯ ಮೈ ಮೇಲೆ ಹೋದರೂ ಕೆಳಗೆ ಬಂದರೂ ಗಾಲಿಗಳ ಓರೆ ಬದಲಾಗುತ್ತಿರಲಿಲ್ಲ. ಆದರೆ ಒಂದು ಗಾಲಿ ಗುಂಡಿಗೆ ಬಿದ್ದರೆ ಇನ್ನೊಂದೂ ವಾಲುತ್ತಿತ್ತು. ವೇಗ ಹೆಚ್ಚಾದಾಗ ಮುಂದಿನ ಗಾಲಿಗಳು ಗಡಗಡ ನಡುಗುತ್ತಿದ್ದವು. 1922ರ ಲಾನ್ಸಿಯಾ ಲ್ಯಾಂಬ್ಡಾ ಕಾರಿನಲ್ಲಿ ಮುಂದಿನ ಗಾಲಿಗಳು ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡುತ್ತಿದ್ದವು. ರೋಲ್ಸ್ ರಾಯ್ಸ್‌ನಿಂದ ಅಮೆರಿಕದ ಜನರಲ್ ಮೋಟರ್ಸ್‌ಗೆ ಹೋದ ಮಾರಿಸ್ ಓಲಿ ಎಂಬ ಎಂಜಿನಿಯರನ ಕೆಲಸದಿಂದ 1934ರ ಕ್ಯಾಡಿಲಾಕ್‌ನಂಥ ಕಾರುಗಳಿಗೂ ಈ ಏರ್ಪಾಡು ಬಂತು.

ಕೂಡು ಕುಟುಂಬ ಹಿಸೆಯಾದ ಹಾಗೆ. ಅಣ್ಣತಮ್ಮಂದಿರು ಬೇರೆಯಾದರೆ ಸುಖವೇನೋ ಇದೆ, ಆದರೆ ಅಲ್ಲಿಂದ ಲೆಕ್ಕ ಶುರು.

ಈಗ ನಮ್ಮ ಆ ಎರಡು ಬೋಲ್ಟುಗಳಿಗೆ ಬರೋಣ. ಸ್ಪ್ರಿಂಗಿನ ಬದಲು ಉದ್ದನೆಯ ಉಕ್ಕಿನ ಸಲಾಕೆಯನ್ನು ತಿರುಚಿ ಅದರಿಂದಲೇ ಸ್ಪ್ರಿಂಗಿನ ಕೆಲಸ ಮಾಡಿಸುವ 'ಟೋರ್ಷನ್ ಬಾರ್' ಏರ್ಪಾಡಿಗೆ ಫರ್ಡಿನಾಂಡ್ ಪೋರ್ಶೆ 1931ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. 1934ರ ಸಿಟ್ರೊಯೆನ್, 1948ರ ಮಾರಿಸ್ ಮೈನರ್, 1957ರ ಕ್ರೈಸ್ಲರ್ ಕಾರುಗಳಲ್ಲಿ ಇದು ಬಂತು. ಜಾಗ ಕಡಿಮೆ ಸಾಕು, ಎತ್ತರ ಸರಿಪಡಿಸುವುದೂ ಸುಲಭ. ಹಾಗಾಗಿ ಪಿಕಪ್‌ಗಳಿಗೆ ಚೆನ್ನಾಗಿ ಒಗ್ಗಿತು. ಟೊಯೊಟಾ ಹೈಲಕ್ಸ್‌ನ ನಾಲ್ಕೂ ಗಾಲಿ ಎಳೆಯುವ ಮಾದರಿ 1980ರ ದಶಕದ ನಡುವೆ ಗಟ್ಟಿ ಅಚ್ಚು ಬಿಟ್ಟು ಇದಕ್ಕೆ ಬಂತು. ನಮ್ಮಲ್ಲಿ ಟಾಟಾ ಕ್ಸೆನಾನ್‌ನಲ್ಲೂ ಇದೇ ಇತ್ತು.

ಸಲಾಕೆಯ ಒಂದು ತುದಿ ಗಾಲಿ ಹೊತ್ತ ತೋಳಿಗೆ, ಇನ್ನೊಂದು ತುದಿ ಚಾಸಿಗೆ. ಚಾಸಿಯ ಕಡೆ ಒಂದು ಬೋಲ್ಟ್. ಅದನ್ನು ಬಿಗಿ ಮಾಡಿದರೆ ತೋಳು ಕೆಳಕ್ಕೆ ಒತ್ತಿ ಗಾಡಿಯ ಮೂತಿ ಏಳುತ್ತದೆ. ಸಲಾಕೆಯ ಬಲವೇನೂ ಹೆಚ್ಚುವುದಿಲ್ಲ. ಬದಲಿಗೆ ಗುಂಡಿ ಬಂದಾಗ ಗಾಲಿ ಕೆಳಗಿಳಿಯಲು ಇದ್ದ ಜಾಗ ಕಡಿಮೆಯಾಗಿ ಕುಲುಕಾಟ ಜಾಸ್ತಿಯಾಗುತ್ತದೆ. ಅದಕ್ಕಿಂತ ಮುಖ್ಯ, ಮೇಲಿನ ತೋಳು ಗಿಡ್ಡ, ಕೆಳಗಿನದು ಉದ್ದ. ಎರಡೂ ಬೇರೆ ಬೇರೆ ಕಮಾನಿನಲ್ಲಿ ಸುತ್ತುತ್ತವೆ. ಹಾಗಾಗಿ ಎತ್ತರ ಬದಲಾದರೆ ಗಾಲಿಯ ಓರೆಯೂ ಬದಲು. ಇದೇ ಕ್ಯಾಂಬರ್. ಮೂತಿ ಎತ್ತಿದರೆ ಸಾಮಾನ್ಯವಾಗಿ ಗಾಲಿಯ ತಲೆ ಹೊರಗೆ ವಾಲುತ್ತದೆ, ಹೊರ ಅಂಚು ಸವೆಯುತ್ತದೆ. ಟೈ ರಾಡ್ ಮೂರನೆಯ ಕಮಾನಿನಲ್ಲಿ ಸುತ್ತುವುದರಿಂದ ಎರಡು ಗಾಲಿಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗುತ್ತದೆ. ಇದು ಟೋ.

ಮಿಸ್ತ್ರಿ ಸರಿಮಾಡಿದ್ದನ್ನು ನಿಂತು ನೋಡಿದೆ. ಸಮತಟ್ಟು ನೆಲ, ಟೈರುಗಳಲ್ಲಿ ಸರಿಯಾದ ಗಾಳಿ. ಎರಡೂ ಕಡೆ ಎತ್ತರ ಅಳೆದ. ಜ್ಯಾಕ್ ಕೊಟ್ಟು ಭಾರ ಇಳಿಸಿದ ಮೇಲೆಯೇ ಬೋಲ್ಟಿಗೆ ಕೈ ಹಚ್ಚಿದ್ದು. ಎಷ್ಟು ಸುತ್ತು ಅಂತ ಎಣಿಸಿ ಚೀಟಿಯಲ್ಲಿ ಬರೆದುಕೊಂಡ. ಗಾಡಿ ಇಳಿಸಿ, ಹಿಂದೆ ಮುಂದೆ ಓಡಿಸಿ, ಮೂತಿ ಕುಲುಕಿ, ಮತ್ತೆ ಅಳೆದ. ಕಂಪನಿಯ ಲೆಕ್ಕದ ಎತ್ತರ ಬಂದ ಮೇಲೆ ಕ್ಯಾಸ್ಟರ್ ಮತ್ತು ಕ್ಯಾಂಬರ್, ಕೊನೆಗೆ ಟೋ. ಟೋ ಯಾಕೆ ಕೊನೆಗೆ ಅಂತ ಕೇಳಿದೆ. ಮೊದಲಿನವು ಬದಲಾದರೆ ಅದೂ ಬದಲಾಗುತ್ತದೆ ಅಂದ. ನಮ್ಮಲ್ಲಿ ಎಲ್ಲ ಎಂಟ್ರಿ ಮುಗಿದ ಮೇಲೆ ಟ್ರಯಲ್ ಬ್ಯಾಲೆನ್ಸ್ ತೆಗೆದ ಹಾಗೆ!

ಆದ ಖರ್ಚು ಒಂದು ಟೈರಿನ ಬೆಲೆಯ ಸಣ್ಣ ಪಾಲು. ಎಂಬತ್ತೇಳನೆಯ ದಿನ ಒಂದು ಕಂತು ಬಂತು, ಖಾತೆ ಉಳಿಯಿತು. ಮುಂದೆ ಸಾಲವೂ ತೀರಿತು. "ಆವತ್ತ ಯಾರರ ಹೇಳಿದ್ದರ ನಾಕು ಟೈರ್ ಉಳೀತಿದ್ದುವಲ್ರಿ ಸಾಹೇಬ್ರ" ಅಂತ ಅವರು ನಕ್ಕರು. ನನಗೆ ನಗು ಬರಲಿಲ್ಲ. ನೋಡದೆ 'ಸುಸ್ಥಿತಿ' ಅಂತ ಸಹಿ ಹಾಕಿದವನು ನಾನೇ ಅಲ್ಲವೇ?

ಅಂದಿನಿಂದ ಯಾವ ಗಾಡಿ ನೋಡಲು ಹೋದರೂ ಮೊದಲು ಬಗ್ಗಿ ಮುಂದಿನ ಟೈರಿನ ಎರಡೂ ಅಂಚು ಸವರಿ ನೋಡುತ್ತೇನೆ. ಕೈ ಕರಿ ಆಗುತ್ತದೆ, ಆಗಲಿ. ಊರಿಗೆ ಹೊರಡುವ ಮುಂಚೆ ನೀವೂ ಒಮ್ಮೆ ಬಗ್ಗಿ ನೋಡಿ.