ಬೀಡಿ ಕಟ್ಟುವವರ ರಜೆ

ಬಂಟ್ವಾಳ ತಾಲ್ಲೂಕಿನ ನಮ್ಮ ಊರಿನಲ್ಲಿ ಬೀಡಿ ಕಟ್ಟದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಅಮ್ಮ ಕಟ್ಟುತ್ತಿದ್ದರು, ದೊಡ್ಡಮ್ಮ ಕಟ್ಟುತ್ತಿದ್ದರು, ಶಾಲೆಯಿಂದ ಬಂದ ಮೇಲೆ ನಾನು ಎಲೆ ಕತ್ತರಿಸಿ ಕೊಡುತ್ತಿದ್ದೆ. ಈ ಕೆಲಸಕ್ಕೆ ಹೊತ್ತುಗೊತ್ತು ಇಲ್ಲ. ಗಂಜಿಗೆ ಅಕ್ಕಿ ಹಾಕಿ ಬಂದು ಒಂದಿಷ್ಟು, ದನಕ್ಕೆ ಹುಲ್ಲು ತಂದ ಮೇಲೆ ಒಂದಿಷ್ಟು, ಉಳಿದದ್ದು ರಾತ್ರಿ ಎಲ್ಲರೂ ಮಲಗಿದ ಮೇಲೆ. 25 ಬೀಡಿಗೆ ಒಂದು ಕಟ್ಟು, ಕೂಲಿ ಸಾವಿರಕ್ಕೆ ಇಷ್ಟೆಂದು. ಬೀಡಿ ಕಂಪನಿಯ ಬ್ರಾಂಚಿಗೆ ಹೋಗಿ ಬೀಡಿ ಒಪ್ಪಿಸಿ, ಪಾಸ್‌ಬುಕ್ಕಿನಲ್ಲಿ ಬರೆಸಿಕೊಂಡು, ಹೊಸ ಎಲೆ, ಹೊಗೆಸೊಪ್ಪು ತರಬೇಕು. ವರ್ಷಕ್ಕೊಮ್ಮೆ ಬೋನಸ್ಸಿನ ಜೊತೆ ರಜೆಯ ದುಡ್ಡೂ ಬರುತ್ತಿತ್ತು. ‘ಮನೆಯಲ್ಲೇ ಕೂತು ಮಾಡುವ ಕೆಲಸಕ್ಕೆ ರಜೆ ಎಂಥದು ಮಾರಾಯ್ತಿ’ ಎಂದು ಪಕ್ಕದ ಮನೆಯ ಅಕ್ಕ ಅಮ್ಮನಲ್ಲಿ ಕೇಳುತ್ತಿದ್ದರು. ಬ್ರಾಂಚಿನವರ ಧರ್ಮದ ದುಡ್ಡು ಎಂದೇ ಅನೇಕರು ತಿಳಿದಿದ್ದರು. ನಾನು ಕಾನೂನು ಓದಿ ಕಾರ್ಮಿಕರ ಮೊಕದ್ದಮೆಗಳನ್ನು ನಡೆಸತೊಡಗಿದ ಮೇಲೆ, ಆ ದುಡ್ಡಿಗಾಗಿ ಈ ದೇಶದಲ್ಲಿ ಎಷ್ಟು ವರ್ಷ ಜಗಳ ನಡೆದಿತ್ತೆಂಬುದು ಗೊತ್ತಾಯಿತು.

ಆ ಜಗಳದ ಒಂದು ಕೊನೆ ನಾಗಪುರದಲ್ಲಿದೆ. ಅಲ್ಲಿನ ಕಾರ್ಖಾನೆಯೊಂದರಲ್ಲಿ ಬೀಡಿ ಕಟ್ಟುವವರು ಒಳಗೇ ಕೂತು ಕಟ್ಟುತ್ತಿದ್ದರು. ಆದರೆ ಇಷ್ಟು ಗಂಟೆ ಇರಲೇಬೇಕೆಂಬ ಕಟ್ಟುಪಾಡು ಇರಲಿಲ್ಲ. ಮಧ್ಯಾಹ್ನದೊಳಗೆ ಬಂದರೆ ಕೆಲಸ ಸಿಗುತ್ತಿತ್ತು, ಬೇಕೆನಿಸಿದಾಗ ಎದ್ದು ಹೋಗಬಹುದಿತ್ತು. ಕೆಲವರು ಅರ್ಜಿ ಕೊಟ್ಟು ರಜೆ ಮಾಡಿದರು. ಮಾಲೀಕರು ಆ ದಿನಗಳ ಸಂಬಳ ಕೊಡಲಿಲ್ಲ. ತಮಗೆ ಬೇಕಾದಾಗ ಬಂದು ಹೋಗುವವರು 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ಕಾರ್ಮಿಕರೇ ಅಲ್ಲ ಎಂಬುದು ಅವರ ವಾದ. ಬಿರ್ಧಿಚಂದ್ ಶರ್ಮಾ ಪ್ರಕರಣವೆಂದು 1961ರ ವರದಿಗಳಲ್ಲಿ ಸಿಗುವ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ಹಾಜರಿ ಹಾಕುವವರು ಮಾಲೀಕರು, ಬೀಡಿ ಸರಿಯಿಲ್ಲವೆಂದು ತಿರಸ್ಕರಿಸುವವರೂ ಅವರೇ. ಹೀಗಿರುವಾಗ ಕಟ್ಟುವವರು ಕಾರ್ಮಿಕರೇ, ರಜೆಯ ಸಂಬಳ ಅವರಿಗೆ ಸಲ್ಲಬೇಕು ಎಂದಿತು.

ವರ್ಷ ಕಳೆಯುವುದರೊಳಗೆ ಅದೇ ನ್ಯಾಯಾಲಯಕ್ಕೆ ನಾಸಿಕದ ಹತ್ತಿರದ ಸಿನ್ನರಿನಿಂದ ಇನ್ನೊಂದು ಪ್ರಕರಣ ಬಂತು. ಅಲ್ಲೂ ಬೀಡಿ ಕಾರ್ಖಾನೆ, ಅಲ್ಲೂ ಒಬ್ಬ ಕೆಲಸಗಾರನ ಕೆಲವೇ ದಿನಗಳ ರಜೆಯ ಸಂಬಳ. ಈ ಸಲ ಬಹುಮತ ತಿರುಗಿಬಿತ್ತು. ಯಾವಾಗ ಬರಬೇಕು, ಎಷ್ಟು ಕಟ್ಟಬೇಕು ಎಂಬುದು ಅವನ ಇಷ್ಟಕ್ಕೆ ಬಿಟ್ಟಿದ್ದರಿಂದ ಅವನು ಕಾರ್ಮಿಕನಲ್ಲ ಎಂದಾಯಿತು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ತೀರ್ಪಿನ ಇನ್ನೊಂದು ಮಾತು. ಕಾಯ್ದೆ ರಜೆಯ ಸಂಬಳವನ್ನು ಪೂರ್ಣಾವಧಿ ದುಡಿಮೆಯ ಸರಾಸರಿಯ ಮೇಲೆ ಲೆಕ್ಕ ಹಾಕುತ್ತದೆ, ದಿನಕ್ಕೆ ಇಷ್ಟೆಂದು ಗಂಟೆ ಗೊತ್ತುಮಾಡದ ಕಡೆ ಪೂರ್ಣಾವಧಿ ಎಂಬುದನ್ನು ಹುಡುಕುವುದೆಲ್ಲಿ ಎಂದು ನ್ಯಾಯಾಲಯ ಕೇಳಿತು. ಗಂಟೆ ಗೊತ್ತುಮಾಡದೆ ಬಿಟ್ಟದ್ದು ಮಾಲೀಕರು, ನಷ್ಟ ಕೆಲಸಗಾರನಿಗೆ. ನ್ಯಾಯಮೂರ್ತಿ ಕೆ. ಸುಬ್ಬರಾವ್ ಒಬ್ಬರು ಭಿನ್ನಮತ ಬರೆದರು. ಆ ಭಿನ್ನಮತವೇ ಸರಿಯಾಗಿತ್ತೆಂದು ನನ್ನ ಗಟ್ಟಿ ಅಭಿಪ್ರಾಯ.

ಕಾರ್ಖಾನೆಯೊಳಗೆ ಕೂತವನಿಗೇ ಹೀಗಾದರೆ, ಜಗಲಿಯಲ್ಲಿ ಕೂತು ಕಟ್ಟುವ ಹೆಂಗಸಿಗೆ ಏನುಳಿಯಿತು? ಉತ್ತರವನ್ನು 1966ರಲ್ಲಿ ಸಂಸತ್ತು ಕೊಟ್ಟಿತು. ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ದುಡಿಯುವವರನ್ನೂ ಹೆಸರಿಟ್ಟು ಒಳಗೆ ಸೇರಿಸಿಕೊಂಡಿತು. 20 ದಿನ ದುಡಿದರೆ ಮರುವರ್ಷ ಒಂದು ದಿನ ಸಂಬಳದ ರಜೆ. ಸಿನ್ನರಿನಲ್ಲಿ ಎದುರಾದ ತೊಡಕನ್ನೂ ಅದು ಬಿಡಿಸಿತು. ಮನೆಯಲ್ಲಿ ದುಡಿಯುವವರ ರಜೆಯ ಸಂಬಳಕ್ಕೆ, ಹೆರಿಗೆ ಭತ್ಯೆಗೆ, ನಡುರಾತ್ರಿಯಿಂದ ಶುರುವಾಗುವ 24 ಗಂಟೆಗಳಲ್ಲಿ ಎಷ್ಟು ಹೊತ್ತು ಬೀಡಿ ಕಟ್ಟಿದರೂ ಅದು ಒಂದು ದಿನವೇ. ಒಲೆ ಮುಂದಿನಿಂದ ಎದ್ದು ಬಂದು ಅರ್ಧ ಗಂಟೆ ಕಟ್ಟಿದರೂ ದಿನವೇ. ಕಾರ್ಮಿಕ ಕಾನೂನುಗಳಲ್ಲಿ ಹೆಂಗಸರ ದಿನಚರಿಯನ್ನು ಇಷ್ಟು ಚೆನ್ನಾಗಿ ಬಲ್ಲ ವಾಕ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಾಯ್ದೆ ಬಂದ ಮಾತ್ರಕ್ಕೆ ಮಾಲೀಕರು ಸುಮ್ಮನಿರಲಿಲ್ಲ. ಕೇರಳ ಸರ್ಕಾರ 1968ರಲ್ಲಿ ಅದನ್ನು ಜಾರಿಗೆ ತಂದಾಗ, ಕಣ್ಣೂರಿನಲ್ಲಿ ಬೀಡಿ ಕಟ್ಟಿಸುತ್ತಿದ್ದ ಮಂಗಳೂರಿನ ದೊಡ್ಡ ಮಾಲೀಕರು ಅಲ್ಲಿನ ಕೆಲಸವನ್ನೇ ನಿಲ್ಲಿಸಿದರು. ಸುಮಾರು 12,000 ಮಂದಿ ಕೆಲಸ ಕಳೆದುಕೊಂಡರು. ಅವರಿಗಾಗಿ 1969ರಲ್ಲಿ ಹುಟ್ಟಿದ್ದೇ ಕೇರಳ ದಿನೇಶ್ ಬೀಡಿ ಸಹಕಾರಿ. ಮಾಲೀಕರು ಆಗದು ಎಂದ ರಜೆಯ ಸಂಬಳವನ್ನೂ ಬೋನಸ್ಸನ್ನೂ ಕೊಟ್ಟೇ ಅದು ಮಾರುಕಟ್ಟೆಯಲ್ಲಿ ನಿಂತಿತು. ನಮ್ಮ ಜಿಲ್ಲೆಯ ಕಡೆಗೆ ಹೆಚ್ಚು ಕೆಲಸ ಹರಿದುಬಂದದ್ದರ ಹಿಂದೆ ಕಣ್ಣೂರಿನವರ ಹಸಿವೂ ಇದೆ. ಇದನ್ನು ನಮ್ಮವರು ಅಷ್ಟಾಗಿ ಹೇಳುವುದಿಲ್ಲ, ಹೇಳಬೇಕು.

ಜೊತೆಜೊತೆಗೇ ಕೋರ್ಟಿನ ಹಾದಿಯೂ ನಡೆದಿತ್ತು. ಬೇರೆಬೇರೆ ರಾಜ್ಯಗಳ ಮಾಲೀಕರ ಅರ್ಜಿಗಳು ಸುಪ್ರೀಂ ಕೋರ್ಟಿನಲ್ಲಿ ಒಟ್ಟುಗೂಡಿ, 1974ರಲ್ಲಿ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದ ಹೆಸರಿನಲ್ಲಿ ತೀರ್ಮಾನವಾದವು. ನಡುವೆ ಗುತ್ತಿಗೆದಾರ ಇರುವಾಗ ನಾವು ಮಾಲೀಕರಾಗುವುದು ಹೇಗೆ, ಮನೆಯೊಳಗೆ ಕೂತವರ ಮೇಲೆ ನಮಗೆ ಹಿಡಿತವೆಲ್ಲಿ ಎಂಬ ವಾದಗಳೆಲ್ಲ ಬಂದವು. ಮುಖ್ಯ ನ್ಯಾಯಮೂರ್ತಿ ಎ.ಎನ್. ರೇ ಅವರ ಪೀಠ ಕಾಯ್ದೆಯನ್ನು ಎತ್ತಿಹಿಡಿಯಿತು.

ಆಮೇಲಿನ ಚರಿತ್ರೆ ಇರುವುದು ಪಾಸ್‌ಬುಕ್ಕಿನಲ್ಲಿ. ಅದರಲ್ಲಿ ಬರೆದರೆ ಉಂಟು, ಬರೆಯದಿದ್ದರೆ ಇಲ್ಲ. ನಮ್ಮ ಮನೆಯ ಪಾಸ್‌ಬುಕ್ಕು ಅಮ್ಮನ ಹೆಸರಿನಲ್ಲಿತ್ತು. ದೊಡ್ಡಮ್ಮ ಕಟ್ಟಿದ್ದೂ ಅದರಲ್ಲೇ ಹೋಗುತ್ತಿತ್ತು. ಇಬ್ಬರು ಬೆನ್ನು ಬಗ್ಗಿಸಿದ ದಿನ ಪುಸ್ತಕದಲ್ಲಿ ಒಬ್ಬರ ಒಂದೇ ದಿನ. ದೊಡ್ಡಮ್ಮನಿಗೆ ರಜೆಯೂ ಇಲ್ಲ, ಪಿಎಫ್ಫೂ ಇಲ್ಲ. ಬೇರೆ ಪಾಸ್‌ಬುಕ್ಕು ಕೊಡಿ ಎಂದು ಅಮ್ಮ ಕೇಳಿದಾಗಲೆಲ್ಲ ಬ್ರಾಂಚಿನವರು ಮುಂದಿನ ವರ್ಷ ನೋಡುವಾ ಎನ್ನುತ್ತಿದ್ದರು. ದೊಡ್ಡಮ್ಮ ತೀರಿಕೊಳ್ಳುವವರೆಗೂ ಆ ಮುಂದಿನ ವರ್ಷ ಬರಲಿಲ್ಲ. ಅವರ ಕೈಯಿಂದ ಎಷ್ಟು ಲಕ್ಷ ಬೀಡಿ ಹೋಗಿದೆಯೆಂದು ಹೇಳುವ ಒಂದು ಸಾಲು ಬರಹವೂ ಎಲ್ಲೂ ಇಲ್ಲ.

1966ರ ಕಾಯ್ದೆ ಈಗ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೊಳಗೆ ಕರಗಿದೆ. ಸಂಹಿತೆ ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. 20 ದಿನಕ್ಕೆ ಒಂದು ರಜೆ ಎಂಬ ಲೆಕ್ಕ ಅಲ್ಲೂ ಇದೆ, ಆದರೆ ವರ್ಷದಲ್ಲಿ 180 ದಿನ ದುಡಿದಿರಬೇಕು. ವಾರಕ್ಕೆ ಮೂರೇ ದಿನ ಎಲೆ ಸಿಗುವ ಬ್ರಾಂಚಿನ ಹೆಂಗಸಿನದು ವರ್ಷಕ್ಕೆ 156 ದಿನ. ಹಳೆಯ ಲೆಕ್ಕದಲ್ಲಿ ಅವಳಿಗೆ ಏಳೆಂಟು ದಿನದ ಸಂಬಳ ಸಿಗಬೇಕಿತ್ತು, ಹೊಸ ಲೆಕ್ಕದಲ್ಲಿ ಅವಳು ಹೊಸಿಲಿನಾಚೆಯೇ ಉಳಿಯುತ್ತಾಳೆ. ಒಪ್ಪಂದದ ಅಥವಾ ಸ್ಥಾಯೀ ಆದೇಶಗಳ ಪ್ರಕಾರದ ಲೇ-ಆಫ್ ದಿನಗಳನ್ನು ಆ 180ಕ್ಕೆ ಸೇರಿಸಬಹುದೆಂದು ಅದೇ ಸಂಹಿತೆಯಲ್ಲಿದೆ. ಎಲೆಯಿಲ್ಲವೆಂದು ಬ್ರಾಂಚು ತಿರುಗಿ ಕಳಿಸಿದ ದಿನ ಲೇ-ಆಫ್ ಅಲ್ಲದೆ ಇನ್ನೇನು? ಅದನ್ನು ಒಪ್ಪಂದದಲ್ಲಿ ಬರೆಸಬೇಕು, ಆ ದಿನದ ತಾರೀಖನ್ನು ಪಾಸ್‌ಬುಕ್ಕಿನಲ್ಲೂ ಬರೆಸಬೇಕು. ನನ್ನ ಹತ್ತಿರ ಬರುವ ಹೆಂಗಸರಿಗೆ ಈಗ ಮೊದಲು ಹೇಳುವುದು ಇದನ್ನೇ.