ತಪಾಸಣೆಯ ಸಾಲಿನಲ್ಲಿ

ಕಿಕ್ಕೇರಿಯಿಂದ ದೇವನಹಳ್ಳಿಗೆ ಹೊರಡುವ ಬಾಡಿಗೆ ಕಾರಿನಲ್ಲಿ ವಿಮಾನ ಹತ್ತುವವರು ಒಬ್ಬರಾದರೆ, ಕಳಿಸಿಕೊಡಲು ಹೋಗುವವರು ನಾಲ್ವರು. ಒಳಗೆ ಹೋದ ಆ ಒಬ್ಬರನ್ನು ಸಾಲಿನಿಂದ ಪಕ್ಕಕ್ಕೆ ಕರೆದು, ಚಟ್ನಿಪುಡಿಯ ಚೀಲ ಬಿಚ್ಚಿಸಿದರೆ ಮುಗಿಯಿತು. ತಪ್ಪು ಮಾಡಿದವರಂತೆ ಕೈಕಟ್ಟಿ ನಿಲ್ಲುತ್ತಾರೆ. ಖಾಕಿ ಕಂಡರೆ ನಮ್ಮ ಕಡೆಯವರಿಗೆ ಅದೊಂದು ಹಳೆಯ ಅಳುಕು.

ಈ ಬಿಗಿ ಮೊದಲಿನಿಂದ ಇದ್ದದ್ದಲ್ಲ. 1976ರ ವಿಮಾನ ಅಪಹರಣದ ನಂತರ, 1978ರಲ್ಲಿ ನಾಗರಿಕ ವಿಮಾನಯಾನ ಭದ್ರತೆಗೆಂದು ಒಂದು ವಿಭಾಗ ಹುಟ್ಟಿತು. 1985ರಲ್ಲಿ 'ಕನಿಷ್ಕ' ಸ್ಫೋಟಗೊಂಡ ಮೇಲೆ, 1987ರಲ್ಲಿ ಅದು ಸ್ವತಂತ್ರ ಇಲಾಖೆಯಾಯಿತು. 1999ರ ಕಂದಹಾರ್ ಪ್ರಕರಣವಾದ ಮರುವರ್ಷದಿಂದ ಕೇಂದ್ರ ಕೈಗಾರಿಕಾ ಭದ್ರತಾ ಪಡೆ ನಿಲ್ದಾಣಗಳಿಗೆ ಬಂತು. ಇಷ್ಟೆಲ್ಲ ಸಾವುನೋವು ಕಂಡ ಮೇಲೆ ತಪಾಸಣೆಯೇ ಬೇಡವೆನ್ನುವುದು ಹುಂಬತನ.

ಆದರೆ ತಪಾಸಣೆಗೆ ಮಿತಿಯುಂಟೆ? 1954ರಲ್ಲಿ ಎಂ.ಪಿ. ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಎಂಟು ನ್ಯಾಯಮೂರ್ತಿಗಳು, ಅಮೆರಿಕದಲ್ಲಿರುವಂಥ ಖಾಸಗಿತನದ ಹಕ್ಕನ್ನು ನಮ್ಮ ಸಂವಿಧಾನಕಾರರು ಶೋಧನೆಗೆ ಅಡ್ಡ ಇಟ್ಟಿಲ್ಲವೆಂದರು. ಆ ಮಾತು 63 ವರ್ಷ ಅಲ್ಲಾಡಲಿಲ್ಲ. ಅದನ್ನು ಅಲ್ಲಾಡಿಸಿದವರು ದೆಹಲಿಯ ಪ್ರಚಂಡ ವಕೀಲರಲ್ಲ, ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾಗಿದ್ದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದರು. ಆ ವಯಸ್ಸಿನಲ್ಲಿ ನಮ್ಮಲ್ಲಿ ಹಲವರು ಪಿಂಚಣಿ ಬರದಿದ್ದರೂ ಕೇಳುವ ಗೋಜಿಗೆ ಹೋಗುವುದಿಲ್ಲ! ಸರಕಾರ ಅದೇ 1954ರ ತೀರ್ಪನ್ನು ಎದುರಿಟ್ಟಿತು. ಎಂಟು ಮಂದಿಯ ತೀರ್ಪನ್ನು ತಿದ್ದಲು ಒಂಬತ್ತು ಮಂದಿ ಕೂರಬೇಕಾಯಿತು. 2017ರ ಆಗಸ್ಟ್ 24ರಂದು ಅವರೆಲ್ಲ ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದರು. ಅದರಲ್ಲಿ ಸರಕಾರ ಕೈಹಾಕಬೇಕಾದರೆ ಕಾನೂನಿನ ಆಧಾರ ಬೇಕು, ನ್ಯಾಯವಾದ ಉದ್ದೇಶ ಬೇಕು, ಉದ್ದೇಶಕ್ಕೆ ತಕ್ಕಷ್ಟೇ ಆಗಿರಬೇಕು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು.

ವಿಮಾನ ನಿಲ್ದಾಣದಲ್ಲಿ ಇದರ ಅರ್ಥವೇನು? ತಪಾಸಣೆ ಒಲ್ಲೆನೆಂದರೆ ವಿಮಾನ ಹತ್ತಿಸುವುದಿಲ್ಲ, ಅದು ಸರಿಯೇ. ಆದರೆ ಹೆಂಗಸರ ಮೈ ಮುಟ್ಟಿ ಪರೀಕ್ಷಿಸುವವರು ಹೆಂಗಸರೇ ಆಗಿರಬೇಕು, ಅದೂ ಮರೆಯಲ್ಲಿ. ಅಂಗವಿಕಲರ ಕೃತಕ ಕಾಲನ್ನು ಬಿಚ್ಚಿಸುವುದು ಮನುಷ್ಯನ ಘನತೆಗೆ ತಕ್ಕುದಲ್ಲವೆಂದು 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2022ರ ಡಿಸೆಂಬರಿನಲ್ಲಿ ಬೆಂಗಳೂರಿಗೂ ಬಂದ 'ಡಿಜಿಯಾತ್ರಾ' ಮುಖ ನೋಡಿಯೇ ಬಾಗಿಲು ತೆರೆಯುತ್ತದೆ. ಅದು ಕಡ್ಡಾಯವಲ್ಲವೆಂದು ಸರಕಾರವೇ ಹೇಳಿದೆ. ಯಾರಾದರೂ ಕ್ಯಾಮೆರಾದ ಮುಂದೆ ನಿಲ್ಲಿ ಎಂದರೆ, "ಬೇಡ ಸ್ವಾಮಿ, ನನ್ನ ಗುರುತಿನ ಚೀಟಿ ಇಲ್ಲಿದೆ" ಎಂದು ಹೇಳಿ ಪಕ್ಕದ ಸಾಲಿಗೆ ಹೋಗಬಹುದು.